ಪ್ರಜಾಪ್ರಭುತ್ವ ಕಲಿಸೋ ಕಾರ್ಡ್ ಗೇಮ್: ಎರಡು ತಿಂಗಳು ಆಡಿದ್ಮೇಲೆ ಬರೀತಿದೀನಿ

ಸಿವಿಕ್ಸ್ ಪಾಠ ಮಕ್ಕಳು ಬಾಯಿಪಾಠ ಮಾಡ್ತಾರೆ, ಪರೀಕ್ಷೆ ಮುಗಿದ್ರೆ ಮರ್ತ್ಬಿಡ್ತಾರೆ, ನಮ್ಮನೇಲೂ ಅದೇ ಕಥೆ. ಅದಕ್ಕೇ ಈ ಡಬ್ಬ ತರಿಸಿದ್ದು. ಒಳಗೆ ಮೂರು ಥರದ ಆಟ ಇದೆ.

ಮೊದಲ್ನೇದು ಇಸವಿ ಜೋಡಿಸೋದು. ಕಾರ್ಡಲ್ಲಿ ಘಟನೆ ಇರುತ್ತೆ, ಇಸವಿ ಹಿಂದೆ, ಯಾವುದು ಮೊದಲು ಯಾವುದು ಆಮೇಲೆ ಅಂತ ಸಾಲಾಗಿ ಇಡ್ಬೇಕು. ಹೆಂಗಸರಿಗೆ ಮತದಾನದ ಹಕ್ಕು ನ್ಯೂಜಿಲೆಂಡ್‌ನಲ್ಲಿ 1893, ಫಿನ್ಲೆಂಡ್‌ನಲ್ಲಿ 1906, ಅಲ್ಲಿ ಚುನಾವಣೆಗೆ ನಿಲ್ಲೋ ಹಕ್ಕೂ ಜೊತೆಗೇ ಸಿಕ್ತು. ಮಗಳು ಸ್ವಿಟ್ಜರ್ಲೆಂಡನ್ನ ಇವೆರಡರ ಮಧ್ಯ ಇಟ್ಲು, ಅಷ್ಟು ಮುಂದುವರಿದ ದೇಶ ಅಲ್ವಾ ಅಂತ. ತಿರುಗಿಸಿದ್ರೆ 1971! "ಅಮ್ಮಾ, ಅಜ್ಜಿಗೆ ಆಗ್ಲೇ ಮದುವೆ ಆಗಿತ್ತಲ್ವಾ" ಅಂದ್ಲು, ಆಮೇಲೆ ಆ ಕಾರ್ಡನ್ನ ಕೈಯಲ್ಲೇ ಹಿಡ್ಕೊಂಡು ಸುಮಾರ್ ಹೊತ್ತು ಕೂತಿದ್ಲು. ಅಲ್ಲಿನ ಅಪೆನ್‌ಜೆಲ್ ಇನ್ನರ್‌ರೋಡನ್ ಅನ್ನೋ ಪ್ರಾಂತ್ಯದಲ್ಲಂತೂ ಸ್ಥಳೀಯ ವಿಷಯಗಳಿಗೆ ಹೆಂಗಸರು ಮತ ಹಾಕೋ ಹಾಗಾಗಿದ್ದು 1990ರಲ್ಲಿ ಕೋರ್ಟ್ ಹೇಳಿದ್ಮೇಲೆ.

ಎರಡ್ನೇದು ಮತ ಎಣಿಸೋ ಆಟ, ನನ್ ಪ್ರಕಾರ ಡಬ್ಬ ತಗೊಳ್ಳೋದೇ ಇದಕ್ಕೆ. ಒಂಬತ್ತು ಮತದಾರರ ಕಾರ್ಡು, ಒಂದು ಖಾಲಿ ಜಾಗ, ಅಲ್ಲಿ ಪಾರ್ಕಿಂಗ್ ಮಾಡ್ಬೇಕಾ ಲೈಬ್ರರಿನಾ ಆಟದ ಮೈದಾನನಾ ಅಂತ. ಪ್ರತಿ ಕಾರ್ಡಲ್ಲೂ ಮೊದಲ್ನೇ ಆಯ್ಕೆ ಎರಡ್ನೇ ಆಯ್ಕೆ ಬರೆದಿದೆ. ಮೊದಲ ಎಣಿಕೆಲಿ ಪಾರ್ಕಿಂಗ್‌ಗೆ 4, ಲೈಬ್ರರಿಗೆ 3, ಮೈದಾನಕ್ಕೆ 2, ಪಾರ್ಕಿಂಗ್ ಗೆಲ್ತು. ಆಮೇಲೆ ಫ್ರಾನ್ಸ್ ಅಧ್ಯಕ್ಷರ ಚುನಾವಣೆ ಥರ ಮೊದಲಿಬ್ಬರನ್ನೇ ಇಟ್ಕೊಂಡು ಇನ್ನೊಂದ್ಸಲ ಎಣಿಸಿ ಅನ್ನುತ್ತೆ, ಮೈದಾನದವರ ಎರಡೂ ಮತ ಲೈಬ್ರರಿಗೆ ಹೋಗಿ 5ಕ್ಕೆ 4, ಲೈಬ್ರರಿ ಗೆಲ್ತು. ಅದೇ ಜನ, ಅದೇ ಇಷ್ಟ, ಎಣಿಸೋ ರೂಲ್ ಬದಲಾಗಿದ್ದಕ್ಕೆ ಫಲಿತಾಂಶನೇ ಉಲ್ಟಾ! ಮಗ "ಹಾಗಾದ್ರೆ ಯಾವ್ದು ಸರಿ" ಅಂದ, ನಾನೂ ಅವರಪ್ಪನೂ ಊಟ ಆರೋವರೆಗೂ ವಾದ ಮಾಡಿದ್ವಿ, ಇಷ್ಟ್ ವರ್ಷ ವೋಟ್ ಹಾಕ್ತಿರೋ ನಮಗೇ ಈ ಯೋಚನೆ ಬಂದಿರ್ಲಿಲ್ಲ.

ಮೂರ್ನೇದು ಆದಾಯದ ಆಟ, ಚಿಕ್ಕದು. ಒಂಬತ್ತು ಜನರ ಹತ್ರ ಹತ್ಹತ್ತು ನಾಣ್ಯ, ಒಬ್ಬನ ಹತ್ರ 410, ಸರಾಸರಿ ತೆಗೆದ್ರೆ 50. "ಯಾರ ಹತ್ರನೂ 50 ಇಲ್ವಲ್ಲ" ಅಂದ ಮಗ. ಸಾಲಲ್ಲಿ ನಿಲ್ಸಿ ಮಧ್ಯದವ್ರನ್ನ ನೋಡಿದ್ರೆ ಹತ್ತೇ ಸಿಗೋದು. ಈಗ ಸರಾಸರಿ ಆದಾಯ ಅಂತ ನ್ಯೂಸಲ್ಲಿ ಬಂದ್ರೆ ಮಧ್ಯದವ್ರಿಗೆ ಎಷ್ಟು ಅಂತ ಅವನೇ ಕೇಳ್ತಾನೆ.

ಬೇಜಾರಾಗಿದ್ದೂ ಇದೆ. ಅಕ್ಷರ ತುಂಬ ಚಿಕ್ಕದು, ಅದಿರ್ಲಿ. ಆದ್ರೆ ಬ್ರಿಟನ್ ಕಾರ್ಡಲ್ಲಿ 1918ಕ್ಕೇ ಹೆಂಗಸರಿಗೆ ಸಮಾನ ಹಕ್ಕು ಸಿಕ್ತು ಅಂತ ಹಾಕಿದಾರೆ, ಅದು ತಪ್ಪು. ಆಗ ಗಂಡಸರಿಗೆ 21 ವರ್ಷ ಸಾಕಿತ್ತು, ಹೆಂಗಸರಿಗೆ 30 ಆಗಿರ್ಬೇಕು, ಜೊತೆಗೆ ಆಸ್ತಿಯ ಷರತ್ತು ಬೇರೆ, ಸಮ ಆಗಿದ್ದು 1928ರಲ್ಲಿ. ಸಮಾನತೆ ಕಲಿಸೋ ಆಟದಲ್ಲೇ ಆ ಹತ್ತು ವರ್ಷ ಮಾಯ ಮಾಡಿದ್ರೆ ಹೇಗೆ? ಮಾಡಿದವ್ರಿಗೆ ಮೇಲ್ ಹಾಕಿದೀನಿ, ಇನ್ನೂ ಉತ್ತರ ಇಲ್ಲ. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತಿದೀನಿ, ಒಂದು ಕಟ್ ಮಾಡಿದ್ದು ಇದಕ್ಕೇ. ನಮ್ ಡಬ್ಬದ ಕಾರ್ಡಲ್ಲಿ ಮಗಳು 1918 ಹೊಡೆದು ಹಾಕಿ ಪೆನ್ನಲ್ಲಿ 1928 ಅಂತ ದಪ್ಪಕ್ಕೆ ಬರೆದಿದಾಳೆ.