ಮೂರು ತಿಂಗಳ ಲೋಕಲ್ ಪಾಸು: ಸಾಲದ ಕಂತು ಕಟ್ಟುವವರ ಲೆಕ್ಕದಲ್ಲಿ

ಮುಂಬಯಿ ಲೋಕಲ್ ರೈಲಿನ ಪಾಸು ನಾಲ್ಕು ಅವಧಿಗೆ ಸಿಗುತ್ತದೆ: ಒಂದು ತಿಂಗಳು, ಮೂರು ತಿಂಗಳು, ಆರು ತಿಂಗಳು, ಒಂದು ವರ್ಷ. ಸಂಬಳದಲ್ಲಿ ಅರ್ಧ ಸಾಲಕ್ಕೆ ಹೋಗುತ್ತಿದ್ದು, ಉಳಿದದ್ದರಲ್ಲಿ ತಿಂಗಳು ದೂಡುವವರಿಗೆ ಈ ನಾಲ್ಕರಲ್ಲಿ ಯಾವುದು ಸರಿ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಉತ್ತರ ಮೊದಲೇ ಹೇಳಿಬಿಡಬಹುದು: ಮೂರು ತಿಂಗಳ ಸೆಕೆಂಡ್ ಕ್ಲಾಸ್. ವರ್ಷದ ಪಾಸು ತೆಗೆದವರು ತಾವೇ ಜಾಣರು ಅಂದುಕೊಂಡಿರುತ್ತಾರೆ. ಕೈಯಲ್ಲಿ ಕ್ರೆಡಿಟ್ ಕಾರ್ಡಿನ ಬಾಕಿ ಇಲ್ಲದಿದ್ದರೆ ಅವರ ಮಾತು ಒಪ್ಪಬಹುದು. ಬಾಕಿ ಇದ್ದರೆ ಅದು ನಷ್ಟದ ವ್ಯಾಪಾರ.

ಕಾರಣ ರೈಲ್ವೆಯ ದರದ ಸೂತ್ರದಲ್ಲೇ ಇದೆ. ಮೂರು ತಿಂಗಳ ಪಾಸಿನ ದರ ತಿಂಗಳ ಪಾಸಿನ 2.7 ಪಟ್ಟು, ಆರು ತಿಂಗಳಿನದು 5.4 ಪಟ್ಟು, ವರ್ಷದ್ದು 10.8 ಪಟ್ಟು. ಲೆಕ್ಕ ಸುಲಭವಾಗಲಿ ಎಂದು ನಿಮ್ಮ ತಿಂಗಳ ಪಾಸು 300 ರೂಪಾಯಿ ಎಂದು ಹಿಡಿಯಿರಿ. ಮೂರು ತಿಂಗಳಿಗೆ 810, ಆರು ತಿಂಗಳಿಗೆ 1620, ವರ್ಷಕ್ಕೆ 3240. ಈಗ ಮೂರು ತಿಂಗಳ ಪಾಸನ್ನು ವರ್ಷದಲ್ಲಿ ನಾಲ್ಕು ಸಲ ತೆಗೆಯಿರಿ: 810 ನಾಲ್ಕಲಿ 3240. ವರ್ಷದ ಪಾಸಿಗೂ ಅಷ್ಟೇ! ಶೇಕಡಾ ಹತ್ತರ ರಿಯಾಯಿತಿ ಪೂರ್ತಿಯಾಗಿ ಮೂರು ತಿಂಗಳಿನದರಲ್ಲೇ ಸಿಕ್ಕಿಬಿಡುತ್ತದೆ. ಅದರಾಚೆ ಎಷ್ಟು ದೂರದ ಅವಧಿಗೆ ಹಣ ಕಟ್ಟಿದರೂ ಒಂದು ಪೈಸೆ ಹೆಚ್ಚು ಉಳಿಯುವುದಿಲ್ಲ. ಸರ್‌ಚಾರ್ಜ್, ಐದು ರೂಪಾಯಿಗೆ ಸರಿಹೊಂದಿಸುವಿಕೆ ಇವುಗಳಿಂದ ನಾಲ್ಕಾರು ರೂಪಾಯಿ ಆಚೀಚೆ ಆಗಬಹುದು, ಅದನ್ನು ಬಿಡಿ.

ಹಾಗಾದರೆ ವರ್ಷದ ಪಾಸಿನವರು ಮುಂಗಡವಾಗಿ ಹೆಚ್ಚು ಕಟ್ಟುವ 2430 ರೂಪಾಯಿಗೆ ಏನು ಸಿಗುತ್ತದೆ? ಮೂರು ಸಲ ನವೀಕರಿಸುವ ತಾಪತ್ರಯ ತಪ್ಪುತ್ತದೆ, ನಡುವೆ ದರ ಏರಿದರೆ ತಟ್ಟುವುದಿಲ್ಲ. ಎರಡನೆಯದು ದೊಡ್ಡ ಭಯವೇನೂ ಅಲ್ಲ. 2025ರ ಜುಲೈಯಲ್ಲಿ ರೈಲ್ವೆ ಪ್ರಯಾಣ ದರ ಏರಿಸಿದಾಗಲೂ ಉಪನಗರ ರೈಲು ಮತ್ತು ಸೀಸನ್ ಟಿಕೆಟ್ಟುಗಳನ್ನು ಹೊರಗಿಟ್ಟಿತ್ತು.

ಈಗ ಆ 2430 ರೂಪಾಯಿಯನ್ನು ಕಾರ್ಡಿನ ಬಾಕಿಗೆ ಹಾಕಿದರೆ ಏನಾಗುತ್ತದೆ ನೋಡಿ. ಬಾಕಿ ಉಳಿಸಿಕೊಂಡ ಕಾರ್ಡಿಗೆ ತಿಂಗಳಿಗೆ ಶೇ. 3.5ರ ಆಸುಪಾಸು ಬಡ್ಡಿ, ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ. ಒಟ್ಟು ತಿಂಗಳಿಗೆ ಶೇ. 4.13. ಮೊದಲ ಮೂರು ತಿಂಗಳು 2430, ಮುಂದಿನ ಮೂರು ತಿಂಗಳು 1620, ಆಮೇಲಿನ ಮೂರು ತಿಂಗಳು 810 ರೂಪಾಯಿಯ ಮೇಲೆ ಈ ಬಡ್ಡಿ ತಪ್ಪುತ್ತದೆ. ಕೂಡಿಸಿದರೆ ವರ್ಷಕ್ಕೆ 600 ರೂಪಾಯಿ. ಅಂದರೆ ಎರಡು ತಿಂಗಳ ಪಾಸು ಪುಕ್ಕಟೆ. ವರ್ಷದ ಪಾಸು ತೆಗೆದವರು ಈ 600 ರೂಪಾಯಿಯನ್ನು ಕೌಂಟರಿನ ಸರತಿ ತಪ್ಪಿಸಿಕೊಳ್ಳಲು ಕೊಟ್ಟ ಹಾಗೆ. ಆ ಸರತಿಯಾದರೂ ಈಗ ರೈಲ್ವೆಯ ಟಿಕೆಟ್ ಆಪ್‌ನಲ್ಲಿ ಇಲ್ಲ.

ಹಾಗೆಂದು ತಿಂಗಳು ತಿಂಗಳು ತೆಗೆಯುವುದೇ ಮೇಲಲ್ಲವೇ ಎಂದು ಕೇಳಬಹುದು. ಅಲ್ಲ. 810ರ ಬದಲು 300 ಕಟ್ಟಿದರೆ ಮೊದಲ ತಿಂಗಳು 510, ಎರಡನೆಯ ತಿಂಗಳು 210 ರೂಪಾಯಿ ಕಾರ್ಡಿಗೆ ಹೋದೀತು. ಇಷ್ಟರಿಂದ ಉಳಿಯುವ ಬಡ್ಡಿ 30 ರೂಪಾಯಿ, ಕೈಬಿಟ್ಟ ರಿಯಾಯಿತಿ 90. ಕಾರ್ಡಿನ ಬಡ್ಡಿಯಂಥ ಬಡ್ಡಿಯನ್ನೂ ಮೂರು ತಿಂಗಳ ಪಾಸು ಸೋಲಿಸುತ್ತದೆ. ಆರು ತಿಂಗಳಿನದರಲ್ಲಿ ಮುಂಗಡ ಕಟ್ಟಿದ ಹಣಕ್ಕೆ ಸಿಗುವ ರಿಯಾಯಿತಿ, ತಿಂಗಳ ಪಾಸಿಗೆ ಹೋಲಿಸಿದರೆ, ಕಾರ್ಡಿನ ಬಡ್ಡಿಗೆ ಹೆಚ್ಚುಕಡಿಮೆ ಸರಿಸಮ. ವರ್ಷದ್ದು ತಿಂಗಳಿಗೆ ಶೇ. 2ರ ಗಳಿಕೆ ಮಾತ್ರ. ಬ್ಯಾಂಕಿನ ಪರ್ಸನಲ್ ಲೋನ್ ವರ್ಷಕ್ಕೆ ಶೇ. 14ರಲ್ಲಿ ಇದ್ದು, ಬೇರೆ ಸಾಲವಿಲ್ಲದವರಿಗೆ ಅದೂ ಲಾಭವೇ. ಆದರೆ ಅವರಿಗೂ ಮೂರು ತಿಂಗಳಿನದು ಅದೇ ದರಕ್ಕೆ ಸಿಗುವಾಗ ಏಕೆ?

ಒಂದು ಎಚ್ಚರಿಕೆ. ಬಾಕಿ ಇರುವ ಕ್ರೆಡಿಟ್ ಕಾರ್ಡಿನಿಂದಲೇ ಪಾಸಿನ ಹಣ ಕಟ್ಟಬೇಡಿ. ಹಿಂದಿನ ಬಿಲ್ಲು ಪೂರ್ತಿ ತೀರಿಸದಿದ್ದರೆ ಹೊಸ ಖರೀದಿಗೆ ಬಡ್ಡಿರಹಿತ ದಿನಗಳು ಇರುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಮೂರು ತಿಂಗಳು ಅದನ್ನು ಎಳೆದರೆ 810ಕ್ಕೆ ನೂರು ರೂಪಾಯಿ ಬಡ್ಡಿ, ರಿಯಾಯಿತಿ ಸಿಕ್ಕಿದ್ದು 90. ಯುಪಿಐ ಅಥವಾ ಡೆಬಿಟ್ ಕಾರ್ಡ್ ಬಳಸಿ.

ಯಾರಿಗೆ ಈ ಪಾಸು ಬೇಡ ಎಂಬುದೂ ಅಷ್ಟೇ ಮುಖ್ಯ. 300 ರೂಪಾಯಿ ಪಾಸಿನ ದೂರಕ್ಕೆ ಬಿಡಿ ಟಿಕೆಟ್ 15 ರೂಪಾಯಿಯ ಆಸುಪಾಸು ಇರುತ್ತದೆ. ಹೋಗಿ ಬರಲು ದಿನಕ್ಕೆ 30. ವಾರಕ್ಕೆ ಎರಡೇ ದಿನ ಆಫೀಸಿಗೆ ಹೋಗುವವರಿಗೆ ತಿಂಗಳಿಗೆ 240ರಿಂದ 270 ಆಗುತ್ತದೆ. ಅವರು ಟಿಕೆಟ್ಟೇ ತೆಗೆಯಲಿ, ರೈಲ್ವೆ ಆಪ್‌ನ ಆರ್-ವಾಲೆಟ್ಟಿನಿಂದ ಹಣ ಕಟ್ಟಿದರೆ ಶೇ. 3 ಬೋನಸ್ ಸಿಗುತ್ತದೆ. ವಾರಕ್ಕೆ ಮೂರು ದಿನವಾದರೆ ಪಾಸೇ ಸರಿ.

ಊರಿಗೆ ಹೋಗುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಮೇ ತಿಂಗಳಲ್ಲೋ ಚೌತಿಗೋ ಮತ್ಸ್ಯಗಂಧ ರೈಲು ಹತ್ತಿ ಹದಿನೈದು ದಿನ ಮಂಗಳೂರು ಕಡೆಗೆ ಹೋಗಿ ಕೂತರೆ ಪಾಸಿನ ದಿನಗಳು ಇಲ್ಲಿ ಸುಮ್ಮನೆ ಕಳೆಯುತ್ತವೆ. ಬಳಸದ ದಿನಗಳಿಗೆ ಹಣ ವಾಪಸಿಲ್ಲ, ಅವಧಿ ಮುಂದಕ್ಕೆ ಹಾಕುವುದೂ ಇಲ್ಲ. ಮೂರು ತಿಂಗಳ ಪಾಸು ದಿನಕ್ಕೆ 9 ರೂಪಾಯಿ, ತಿಂಗಳಿನದು ದಿನಕ್ಕೆ 10. ತೊಂಬತ್ತು ದಿನದಲ್ಲಿ ಒಂಬತ್ತು ದಿನಕ್ಕಿಂತ ಹೆಚ್ಚು ಊರಲ್ಲಿದ್ದರೆ ರಿಯಾಯಿತಿ ಅಲ್ಲಿಗೆ ಮುಗಿಯಿತು. ದಾರಿ ಎರಡು: ಹೊರಡುವ ದಿನಕ್ಕೆ ಪಾಸು ಮುಗಿಯುವಂತೆ ಜನವರಿ-ಫೆಬ್ರವರಿಯಲ್ಲೇ ದಿನಾಂಕ ಕೂಡಿಸಿಕೊಳ್ಳುವುದು, ಇಲ್ಲವೇ ಆ ಮಧ್ಯದ ಕಾಲಕ್ಕೆ ತಿಂಗಳ ಪಾಸು ತೆಗೆದು ಹೊಂದಿಸುವುದು. ವರ್ಷದ ಪಾಸಿನಲ್ಲಿ ಈ ಎರಡೂ ಇಲ್ಲ. ಮಕ್ಕಳ ರಜೆ ಎಂದು ಪೂರ್ತಿ ಒಂದು ತಿಂಗಳು ಊರಲ್ಲಿರುವ ಮನೆಗಳಿಗೆ ಅದರ ರಿಯಾಯಿತಿಯ ಮುಕ್ಕಾಲು ಪಾಲು ಹೀಗೇ ಸೋರಿಹೋಗುತ್ತದೆ.

ಫಸ್ಟ್ ಕ್ಲಾಸ್ ಪಾಸು ಸೆಕೆಂಡಿನ ಮೂರು-ನಾಲ್ಕು ಪಟ್ಟು. ಬೆಳಿಗ್ಗೆ ಎಂಟೂವರೆಗೆ ಬೊರಿವಲಿಯಲ್ಲೋ ಡೊಂಬಿವಲಿಯಲ್ಲೋ ಅಲ್ಲೂ ಉಸಿರಾಡಲು ಜಾಗವಿಲ್ಲ. ಮೆತ್ತನೆ ಸೀಟಿನ ದುಡ್ಡು ಕೊಟ್ಟು ನಿಂತುಕೊಂಡೇ ಹೋಗುವುದು. ಮೊಣಕಾಲು ನೋವು, ಗರ್ಭಿಣಿ, ಆಪರೇಷನ್ ಆದವರು ಎಂದಾದರೆ ಮಾತು ಬೇರೆ. ಉಳಿದವರು ಹದಿನೈದು-ಇಪ್ಪತ್ತು ನಿಮಿಷ ಮುಂಚಿನ ಗಾಡಿ ಹಿಡಿದರೆ ಅದೇ ಸೌಕರ್ಯ ಸೆಕೆಂಡಿನಲ್ಲಿ ಸಿಗುತ್ತದೆ. ಎ.ಸಿ. ಲೋಕಲಿನ ಪಾಸು ಸಾಲ ತೀರುವವರೆಗೆ ಯೋಚನೆಗೂ ಬೇಡ. 2022ರ ಮೇಯಲ್ಲಿ ಅರ್ಧಕ್ಕೆ ಇಳಿಸಿದ್ದು ಎ.ಸಿ.ಯ ಬಿಡಿ ಟಿಕೆಟ್ಟಿನ ದರವನ್ನು. ತಡೆಯಲಾಗದ ಸೆಕೆಯ ದಿನ ಬೇಕಾದರೆ ಒಂದು ಟಿಕೆಟ್ ತೆಗೆದರೆ ಮುಗಿಯಿತು.

ನಿಜ ಹೇಳಬೇಕೆಂದರೆ ತೊಂಬತ್ತು ರೂಪಾಯಿ ರಿಯಾಯಿತಿಯಿಂದ ಯಾರ ಸಾಲವೂ ತೀರುವುದಿಲ್ಲ. 50,000 ರೂಪಾಯಿ ಕಾರ್ಡ್ ಬಾಕಿಗೆ ಮೇಲಿನ ದರದಲ್ಲಿ ತಿಂಗಳ ಬಡ್ಡಿ 1750, ಜಿಎಸ್‌ಟಿ 315, ಒಟ್ಟು 2065. ಕನಿಷ್ಠ ಪಾವತಿ ಎಂದು ಶೇ. 5, ಅಂದರೆ 2500 ಕಟ್ಟಿದರೆ ಅಸಲಿಗೆ ಇಳಿಯುವುದು 435 ರೂಪಾಯಿ. ಇಂಥ ಕಡೆ ಪಾಸು ಉಪಯೋಗಕ್ಕೆ ಬರುವುದು ರಿಯಾಯಿತಿಯಿಂದಲ್ಲ, ಅದು ಯಾವ ಖರ್ಚನ್ನು ಹೊರಹಾಕುತ್ತದೆ ಎಂಬುದರಿಂದ.

ಮೊದಲನೆಯದು ಆಟೋ. 2025ರ ಫೆಬ್ರವರಿಯಿಂದ ಮುಂಬಯಿಯಲ್ಲಿ ಆಟೋದ ಕನಿಷ್ಠ ಬಾಡಿಗೆ 26 ರೂಪಾಯಿ, ಮೊದಲ ಒಂದೂವರೆ ಕಿಲೋಮೀಟರಿಗೆ. ಮನೆಯಿಂದ ಸ್ಟೇಷನ್ನಿಗೆ ಹೋಗುವಾಗ ಬರುವಾಗ ಆಟೋ ಹತ್ತಿದರೆ 25 ದಿನಕ್ಕೆ 1300. ಮೂವತ್ತು-ನಲವತ್ತು ಕಿಲೋಮೀಟರ್ ಒಯ್ಯುವ ರೈಲಿಗೆ 270, ಒಂದೂವರೆ ಕಿಲೋಮೀಟರಿಗೆ ಅದರ ನಾಲ್ಕೂಮುಕ್ಕಾಲು ಪಟ್ಟು! ನಗರ ಸಾರಿಗೆಯ ಬೆಸ್ಟ್ ಬಸ್ಸಿನಲ್ಲಿ 2025ರ ಮೇಯಿಂದ ಕನಿಷ್ಠ ದರ 10 ರೂಪಾಯಿ, ಎ.ಸಿ.ಗೆ 12. ತಿಂಗಳಿಗೆ 500-600. ನಡೆದರೆ ಇಪ್ಪತ್ತು ನಿಮಿಷ. ಬೆಳಿಗ್ಗೆ ನಡೆದು, ಸಂಜೆ ಸುಸ್ತಾದಾಗ ಮಾತ್ರ ಬಸ್ಸು ಎಂದರೂ ಸಾವಿರ ರೂಪಾಯಿ ಉಳಿಯುತ್ತದೆ. ಮೇಲೆ ಹೇಳಿದ 435ಕ್ಕೆ ಈ ಸಾವಿರ ಸೇರಿದರೆ ಅಸಲು ಇಳಿಯುವ ವೇಗ ಮೂರು ಪಟ್ಟು ದಾಟುತ್ತದೆ.

ಎರಡನೆಯದು ಮನೆ ಬಾಡಿಗೆ. ಲೋಕಲಿನಲ್ಲಿ ದೂರ ಹೆಚ್ಚಿದಷ್ಟು ದರ ಹೆಚ್ಚುವುದಿಲ್ಲ. ಚರ್ಚ್‌ಗೇಟಿನಿಂದ ವಿರಾರ್ 60 ಕಿಲೋಮೀಟರ್, ಬೊರಿವಲಿ 34. ಪಾಸಿನಲ್ಲಿ ವ್ಯತ್ಯಾಸ ನೂರು ರೂಪಾಯಿಗಳ ಲೆಕ್ಕ, ಬಾಡಿಗೆಯಲ್ಲಿ ಸಾವಿರಗಳ ಲೆಕ್ಕ. ದಕ್ಷಿಣ ಮುಂಬಯಿಯ ಕೋಟೆ (ಫೋರ್ಟ್) ಭಾಗದ ಹೋಟೆಲುಗಳಲ್ಲಿ ದುಡಿದ ನಮ್ಮ ಕನ್ನಡಿಗರು ಸಂಸಾರ ಬಂದ ಮೇಲೆ ಡೊಂಬಿವಲಿ, ಮೀರಾ ರೋಡ್, ವಸಾಯಿ ಎಂದು ಆಚೆ ಆಚೆ ಹೋಗಿ ನೆಲೆಸಿದ್ದರ ಹಿಂದೆ ಈ ಅರ್ಥಶಾಸ್ತ್ರವೂ ಇದೆ. ಆದರೆ ಮನೆ ಸ್ಟೇಷನ್ನಿನಿಂದ ನಡೆಯುವ ದೂರದಲ್ಲಿರಬೇಕು. ಬಾಡಿಗೆ 1500 ಕಡಿಮೆ ಎಂದು ಸ್ಟೇಷನ್ನಿನಿಂದ ಮೂರು ಕಿಲೋಮೀಟರ್ ಒಳಗೆ ಮನೆ ಹಿಡಿದರೆ ಉಳಿತಾಯವೆಲ್ಲ ಆಟೋದವನ ಮೀಟರಿಗೆ.

ಮೂರನೆಯದು ಮೆಟ್ರೋ. ಲೋಕಲ್ ಪಾಸು ಮೆಟ್ರೋದಲ್ಲಿ ನಡೆಯುವುದಿಲ್ಲ. ಡೊಂಬಿವಲಿಯಿಂದ ಅಂಧೇರಿಗೆ ಕೆಲಸಕ್ಕೆ ಹೋಗುವವರು ಘಾಟ್‌ಕೋಪರ್‌ನಲ್ಲಿ ಇಳಿದು ವರ್ಸೋವಾ ಮೆಟ್ರೋ ಹಿಡಿದರೆ ಹೊತ್ತು ಉಳಿಯುತ್ತದೆ ನಿಜ, ಆದರೆ ಒಂದು ಸಲಕ್ಕೆ 30 ರೂಪಾಯಿ ಎಂದರೂ ತಿಂಗಳಿಗೆ 1500. ಅದೇ ಪಾಸನ್ನು 'ವಾಯಾ ದಾದರ್' ಎಂದು ತೆಗೆದರೆ ಸೆಂಟ್ರಲ್‌ನಿಂದ ವೆಸ್ಟರ್ನ್‌ಗೆ ದಾದರಿನಲ್ಲಿ ಗಾಡಿ ಬದಲಿಸಿ ಅಂಧೇರಿ ತಲುಪಬಹುದು, ಎರಡೂ ಲೈನಿಗೆ ಒಂದೇ ಪಾಸು. ದಾದರಿನ ಸೇತುವೆಯ ನೂಕುನುಗ್ಗಲಂತೂ ಇದ್ದದ್ದೇ. ತೆಗೆಯುವಾಗ ಮಾರ್ಗ ಸರಿಯಾಗಿ ನಮೂದಾಗಿದೆಯೇ ನೋಡಿ. ಬೇರೆ ಮಾರ್ಗದಲ್ಲಿ ಸಿಕ್ಕಿಬಿದ್ದರೆ ಪಾಸಿದ್ದೂ ದಂಡವೇ.

ದಂಡದ ಮಾತು ಬಂತಲ್ಲ. ಟಿಕೆಟ್ಟಿಲ್ಲದೆ ಸಿಕ್ಕಿದರೆ ಕನಿಷ್ಠ 250 ರೂಪಾಯಿ, ಜೊತೆಗೆ ಪ್ರಯಾಣದ ದರ. ಹೆಚ್ಚುಕಡಿಮೆ ತಿಂಗಳ ಪಾಸಿನಷ್ಟು. ಇದರಲ್ಲಿ ಸಿಕ್ಕುವವರೆಲ್ಲ ಕಳ್ಳತನದ ಗಿರಾಕಿಗಳಲ್ಲ, ಪಾಸು ನಿನ್ನೆ ಮುಗಿದದ್ದನ್ನು ಮರೆತವರೂ ಇರುತ್ತಾರೆ. ತಿಂಗಳ ಪಾಸಿನವರಿಗೆ ದಿನಾಂಕ ನೆನಪಿರುತ್ತದೆ, ಮೂರು ತಿಂಗಳಿನವರಿಗೆ ಮರೆಯುತ್ತದೆ. ಈ ಪಾಸಿನ ಒಂದೇ ದೊಡ್ಡ ದೋಷ ಇದು. ಮುಗಿಯುವ ಮೂರು ದಿನ ಮೊದಲು ಫೋನಿನಲ್ಲಿ ಅಲಾರಾಂ ಹಾಕಿಡಿ. ಇನ್ನೂ ಕೆಲವು ಕಡೆ ಎಡವುತ್ತಾರೆ. ಆಪ್‌ನಲ್ಲಿ ಹೊಸ ಪಾಸು ತೆಗೆದರೆ ಅದು ಚಾಲ್ತಿಗೆ ಬರುವುದು ಮರುದಿನದಿಂದ, ಬೆಳಿಗ್ಗೆ ತೆಗೆದು ಆಗಲೇ ಗಾಡಿ ಹತ್ತುವಂತಿಲ್ಲ. ಮೊಬೈಲ್ ಪಾಸನ್ನು ಆಪ್ ತೆರೆದೇ ತೋರಿಸಬೇಕು, ಸ್ಕ್ರೀನ್‌ಶಾಟ್ ಟೀಸಿ ಒಪ್ಪುವುದಿಲ್ಲ. ಬ್ಯಾಟರಿ ಸತ್ತರೆ ಪಾಸೂ ಸತ್ತಂತೆ. ಹಳೆಯ ಫೋನಿನವರು ಕೌಂಟರಿನ ಕಾಗದದ ಪಾಸೇ ಇಟ್ಟುಕೊಳ್ಳಲಿ. ಪಾಸಿನ ಮೇಲೆ ಯಾವ ಗುರುತಿನ ಚೀಟಿಯ ನಂಬರಿದೆಯೋ ಅದೇ ಚೀಟಿ ಜೇಬಿನಲ್ಲಿರಬೇಕು.

ಹಣ ಹೊಂದಿಸುವ ಬಗೆ: ಸಂಬಳ ಬಂದ ದಿನವೇ 270 ರೂಪಾಯಿ ಬೇರೆ ತೆಗೆದಿಡಿ. ಮೊದಲ ಸಲ 810 ಒಟ್ಟಿಗೆ ಇಲ್ಲದಿದ್ದರೆ ತಿಂಗಳ ಪಾಸಿನಲ್ಲೇ ಶುರು ಮಾಡಿ, ತಿಂಗಳಿಗೆ 150-200 ಸೇರಿಸುತ್ತ ಹೋದರೆ ಮೂರು ತಿಂಗಳಲ್ಲಿ ಹೊಂದುತ್ತದೆ. ಇದಕ್ಕೆಂದು ಕೈಗಡ ಬೇಡ. ಕಂತು 5ನೇ ತಾರೀಕು ಖಾತೆಯಿಂದ ಕಡಿತವಾಗುವುದಿದ್ದರೆ ಪಾಸನ್ನು 6ರ ನಂತರಕ್ಕೆ ಇಟ್ಟುಕೊಳ್ಳಿ. 810 ರೂಪಾಯಿ ಕಡಿಮೆಬಿದ್ದು ಕಂತು ಬೌನ್ಸ್ ಆದರೆ ಬ್ಯಾಂಕಿನ ದಂಡವೇ ಸಾಮಾನ್ಯವಾಗಿ ತಿಂಗಳ ಪಾಸನ್ನು ಮೀರುತ್ತದೆ, ಸಾಲದ ಇತಿಹಾಸ ದಾಖಲಿಸುವ ಸಿಬಿಲ್‌ನಲ್ಲಿ ಕಲೆ ಬೇರೆ. ಮಳೆಗಾಲಕ್ಕೆ ಇನ್ನೊಂದು 500 ರೂಪಾಯಿ ಪ್ರತ್ಯೇಕ ಇರಲಿ. ಹಳಿಯ ಮೇಲೆ ನೀರು ನಿಂತು ಲೋಕಲ್ ಬಂದಾದ ಸಂಜೆ ಪಾಸು ಯಾವ ಕೆಲಸಕ್ಕೂ ಬರುವುದಿಲ್ಲ, ಮನೆ ಮುಟ್ಟಲು ನಾಲ್ಕು ಜನ ಸೇರಿ ಟ್ಯಾಕ್ಸಿ ಮಾಡಬೇಕಾದೀತು.

ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರಿಗೆ ಪೂರ್ಣ ದರದ ಪಾಸು ತೆಗೆಯಬೇಡಿ. ಕಾಲೇಜಿನ ಆಫೀಸಿನಿಂದ ಸಹಿ-ಸೀಲು ಹಾಕಿದ ಕನ್ಸೆಷನ್ ಫಾರ್ಮ್ ತಂದು ಕೌಂಟರಿನಲ್ಲಿ ಕೊಟ್ಟರೆ ವಿದ್ಯಾರ್ಥಿ ದರ ಸಿಗುತ್ತದೆ. ಅಲ್ಲೂ ಮೂರು ತಿಂಗಳಿನದನ್ನೇ ಕೇಳಿ, ಪರೀಕ್ಷೆ ಮುಗಿಯುವ ದಿನಾಂಕ ನೋಡಿಕೊಂಡು.