ಅಡಿ ನೋಡದೆ ಡಾಲ್ಫಿನ್ ಕಾರಿಗೆ ಮುಂಗಡ ಕೊಡಬೇಡಿ

ಉಡುಪಿಯಲ್ಲಿ ಈಚೆಗೆ ಕೈ ಬದಲಾದ ಒಂದು ಸಿಪಾನಿ ಡಾಲ್ಫಿನ್, ಕೊಂಡವರಿಗೆ ಮೂರನೇ ವಾರಕ್ಕೇ ಪೆಟ್ಟು ಕೊಟ್ಟಿದೆ. ಕಾಪು ಹತ್ತಿರ ಹೆದ್ದಾರಿಯಲ್ಲಿ ಹಿಂದಿನ ಟೈರು ಪಂಕ್ಚರ್ ಆಯಿತು. ಪಂಕ್ಚರ್ ಅಂಗಡಿಯವರು ಚಾಸಿಗೆ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟಿಗೆ, ಜಾಕ್ ಕೊಟ್ಟು ಎತ್ತಲು ನೋಡಿದರು. ಕಾರು ಮೇಲೇಳಲಿಲ್ಲ, ಜಾಕಿನ ತಲೆ ಚಾಸಿಯೊಳಗೆ ಇಳಿಯಿತು. ಅಡಿಯ ಕಪ್ಪು ಕೋಟಿಂಗ್ ಹಲಸಿನ ಸಿಪ್ಪೆಯಂತೆ ಸುಲಿದು ಜೋತುಬಿತ್ತು. ಅದರ ಹಿಂದಿನಿಂದ ತುಕ್ಕಿನ ಹಳುಕು, ಕೆಂಪು ಮಣ್ಣು, ರೆಸಿನ್ (ಒಣಗಿ ಗಟ್ಟಿಯಾಗುವ ಅಂಟು) ಮೆತ್ತಿದ ಫೈಬರ್ ಬಟ್ಟೆಯ ತುಂಡುಗಳು ಮುಷ್ಟಿಗಟ್ಟಲೆ ಉದುರಿದವು. ಮೇಲೆ ಬಾಡಿ ಮಾತ್ರ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಮಾರಿದವರು ಹೇಳಿದ್ದು ಇಷ್ಟು: "ಫೈಬರ್ ಅಲ್ವಾ ಮಾರಾಯ್ರೇ, ಇದಕ್ಕೆಂತ ತುಕ್ಕು?" ಅರ್ಧ ನಿಜ. ಮೋಸ ಆದದ್ದು ಆ ಅರ್ಧದಲ್ಲೇ.

ಗೊತ್ತಿಲ್ಲದವರಿಗೆ ಕಾರಿನ ಪರಿಚಯ. ಬೆಂಗಳೂರಿನ ಸನ್‌ರೈಸ್ ಕಂಪನಿ 1970ರ ದಶಕದಲ್ಲಿ ಬಾದಲ್ ಎಂಬ ಮೂರು ಚಕ್ರದ ಫೈಬರ್ ಕಾರು ಮಾಡಿತ್ತು. ಆಮೇಲೆ ಅವರೇ ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರನ್ನು 1982ರಿಂದ ಇಲ್ಲಿ ಡಾಲ್ಫಿನ್ ಹೆಸರಿನಲ್ಲಿ ತಯಾರಿಸಿದರು. ಮುಂದೆ ಕಂಪನಿಯ ಹೆಸರು ಸಿಪಾನಿ ಎಂದಾಯಿತು. ಎರಡು ಬಾಗಿಲು, 848 ಸಿಸಿಯ ನಾಲ್ಕು ಸಿಲಿಂಡರ್ ಅಲ್ಯುಮಿನಿಯಂ ಎಂಜಿನ್, ಹಿಂದಿನ ಚಕ್ರಕ್ಕೆ ಡ್ರೈವ್. ಹಗುರವಾದ್ದರಿಂದ ರ‍್ಯಾಲಿಗಳಲ್ಲೂ ಓಡಿದೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಇದನ್ನು ಕೇಳುವವರು ಕಡಿಮೆಯಾದರು. ನಮ್ಮ ರಾಜ್ಯದಲ್ಲೇ ಹುಟ್ಟಿದ ಕಾರು, ಉಳಿದಿರುವುದು ಅಪರೂಪ. ಹಾಗಾಗಿ ಎಲ್ಲಿಯಾದರೂ ಕಂಡರೆ ಮನಸ್ಸು ಸೋಲುವುದು ಸಹಜ. ಸೋಲಲಿ, ಆದರೆ ಮುಂಗಡ ಕೊಡುವ ಮೊದಲು ಒಂದು ಗಂಟೆ ಕಾರಿನ ಅಡಿ ಮಲಗಿ.

ಡಾಲ್ಫಿನ್‌ನಲ್ಲಿ ಫೈಬರ್ ಇರುವುದು ಬಾಡಿ ಮಾತ್ರ. ಭಾರ ಹೊರುವುದು ಅಡಿಯಲ್ಲಿರುವ ಕಬ್ಬಿಣದ ಚಾಸಿ. ಅದರ ಪೆಟ್ಟಿಗೆಯಂಥ ಪಟ್ಟಿಗಳ ಒಳಗೆ ನೀರು ಹೋದರೆ ಹೊರಬರಲು ತೂತುಗಳಿರುತ್ತವೆ, ನಮ್ಮ ಕಡೆಯ ಕೆಂಪು ಮಣ್ಣು ಮೊದಲು ಮುಚ್ಚುವುದು ಆ ತೂತುಗಳನ್ನೇ. ಮೇಲಿಂದ ಕಡಲಿನ ಉಪ್ಪುಗಾಳಿ, ಆಟಿ ತಿಂಗಳ (ಜುಲೈ-ಆಗಸ್ಟ್) ಬಿಡದ ಮಳೆ. ಚಾಸಿ ಒಳಗಿನಿಂದ ಕೊಳೆಯುತ್ತಾ ಬರುತ್ತದೆ. ತಗಡಿನ ಕಾರಾದರೆ ಬಾಗಿಲ ಬುಡದಲ್ಲಿ ಪೇಂಟ್ ಗುಳ್ಳೆ ಎದ್ದು ಸೂಚನೆ ಕೊಡುತ್ತದೆ. ಇಲ್ಲಿ ಅಂಥ ಸೂಚನೆಯೇ ಇಲ್ಲ. ಮಲ್ಪೆ, ಪಣಂಬೂರು ಕಡೆ ಕಡಲ ಬದಿಯಲ್ಲಿ ವರ್ಷಗಟ್ಟಲೆ ನಿಂತ ಕಾರಾದರೆ ಚಾಸಿ ಹೋಗಿದೆ ಎಂದುಕೊಂಡೇ ನೋಡಲು ಹೋಗಿ, ಚೆನ್ನಾಗಿದ್ದರೆ ಸಂತೋಷ.

ಜೊತೆಗೆ ಸ್ಪೀಕರಿನಿಂದ ಕಿತ್ತ ಆಯಸ್ಕಾಂತ, ಚಿಕ್ಕ ಸುತ್ತಿಗೆ, ದಪ್ಪ ಸ್ಕ್ರೂ ಡ್ರೈವರ್, ಟೇಪು, ಟಾರ್ಚು ಇರಲಿ. ಫೈಬರ್ ಕಾರಿಗೆ ಆಯಸ್ಕಾಂತ ಯಾಕೆ ಎಂದು ಬಿಟ್ಟು ಹೋಗುವವರೇ ಹೆಚ್ಚು. ಅದು ಬಾಡಿಗಲ್ಲ, ಚಾಸಿಗೆ. ಎರಡೂ ಬದಿಯ ಉದ್ದ ಪಟ್ಟಿಯ ಮೇಲೆ ಗೇಣು ಗೇಣಿಗೆ ಹಚ್ಚುತ್ತಾ ಬನ್ನಿ. ಎಲ್ಲಿ ಕಚ್ಚುವುದಿಲ್ಲವೋ ಅಲ್ಲಿ ರೆಸಿನ್ ಅಥವಾ ಪುಟ್ಟಿ ತುಂಬಿದೆ ಎಂದರ್ಥ. ಮೇಲೆ ಹೇಳಿದ ಕಾರಿನಲ್ಲಿ ಎಡಗಡೆ ಹಿಂದಿನ ಪ್ಲೇಟ್ ಸ್ಪ್ರಿಂಗ್ ಕೂರುವ ಕಡೆ ಒಂದು ಮೊಳ ಉದ್ದಕ್ಕೆ ಹೀಗೆ ತೇಪೆ ಹಾಕಿದ್ದರು. ಆಮೇಲೆ ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಟೊಳ್ಳಾದದ್ದು ಥಪ್ ಎನ್ನುತ್ತದೆ. ಸಂಶಯ ಬಂದ ಕಡೆ ಮಾರುವವರಿಗೆ ಹೇಳಿ ಸ್ಕ್ರೂ ಡ್ರೈವರ್ ಒತ್ತಿ ನೋಡಿ. ಅದಕ್ಕೆ ಅವರು ಒಪ್ಪದಿದ್ದರೆ ಅಲ್ಲಿಂದಲೇ ವಾಪಸು ಬನ್ನಿ. ಹೆಚ್ಚು ಹೊತ್ತು ಕೊಡಬೇಕಾದ ಜಾಗಗಳು: ಹಿಂದಿನ ಸ್ಪ್ರಿಂಗ್ ಹ್ಯಾಂಗರ್, ಬಾಡಿಯನ್ನು ಚಾಸಿಗೆ ಬಿಗಿದ ಬೋಲ್ಟುಗಳ ಸುತ್ತ, ಮುಂದಿನ ಚಕ್ರದ ನೀರು ಎರಚುವ ಭಾಗ. ಮಾರುವ ಮುಂಚಿನ ವಾರ ಬಳಿದ ಹೊಸ ಕಪ್ಪು ಕೋಟಿಂಗ್ ಕಂಡರೆ ಅದನ್ನು ಗುಣವೆಂದು ಲೆಕ್ಕಕ್ಕೆ ಹಿಡಿಯಬೇಡಿ.

ಇನ್ನೊಂದು ಪರೀಕ್ಷೆ. ಕಾರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ ಎರಡೂ ಬಾಗಿಲು ತೆರೆದು ಮುಚ್ಚಿ ನೋಡಿ. ಚಾಸಿಯ ಹಿಂಭಾಗಕ್ಕೆ ಮರದ ತುಂಡು ಇಟ್ಟು ಜಾಕ್ ಕೊಟ್ಟು ಒಂದು ಬದಿ ಎತ್ತಿ, ಮತ್ತೆ ಬಾಗಿಲು ತೆರೆದು ಮುಚ್ಚಿ. ಮೊದಲು ಸಲೀಸಾಗಿದ್ದ ಬಾಗಿಲು ಈಗ ಬಿಗಿಯಾದರೆ ಚಾಸಿ ಬಾಗುತ್ತಿದೆ. ಅಡಿ ಮಲಗುವಾಗ ಜಾಕ್ ಒಂದನ್ನೇ ನಂಬಬೇಡಿ, ಆಕ್ಸಲ್ ಅಡಿಗೆ ಸ್ಟ್ಯಾಂಡ್ ಇರಲೇಬೇಕು. ಟೇಪಿನಿಂದ ಮುಂದಿನ ಎಡ ಬೋಲ್ಟಿನಿಂದ ಹಿಂದಿನ ಬಲ ಬೋಲ್ಟಿಗೆ, ಹಾಗೆಯೇ ಇನ್ನೊಂದು ಕರ್ಣಕ್ಕೆ ಅಳೆಯಿರಿ. ವ್ಯತ್ಯಾಸ 6 ಮಿಲಿಮೀಟರ್ ದಾಟಿದರೆ ಕಾರು ಹಿಂದೆ ಎಲ್ಲಿಯೋ ಪೆಟ್ಟು ತಿಂದಿದೆ.

"ಎರಡು ದಿನದ ವೆಲ್ಡಿಂಗ್ ಅಷ್ಟೇ" ಎನ್ನುವವರ ಮಾತು ಕೇಳಬೇಡಿ. ಫೈಬರ್ ಬಾಡಿ ಇಟ್ಟುಕೊಂಡೇ ಅಡಿಯಲ್ಲಿ ವೆಲ್ಡಿಂಗ್ ಮಾಡಿದರೆ ರೆಸಿನ್ ಹೊತ್ತಿಕೊಳ್ಳುತ್ತದೆ. ಬಾಡಿ ಬಿಚ್ಚಿ ಎತ್ತಲೇಬೇಕು. ತುಕ್ಕು ಹಿಡಿದ ಬೋಲ್ಟುಗಳನ್ನು ಬಲವಂತವಾಗಿ ತಿರುಗಿಸಿದರೆ ಫೈಬರ್ ಸೀಳುತ್ತದೆ, ಆಮೇಲೆ ಅದರ ರಿಪೇರಿ ಬೇರೆ. ತುಕ್ಕು ಕರಗಿಸುವ ಎಣ್ಣೆ ಬಿಟ್ಟು ಎರಡು ದಿನ ಕಾದು, ಆಗಲೂ ಬಾರದಿದ್ದರೆ ಬೋಲ್ಟಿನ ತಲೆ ಕತ್ತರಿಸುವುದೇ ಕ್ಷೇಮ.

ಎಂಜಿನ್ ಕಡೆಗೂ ಗಮನ ಬೇಕು. ಬ್ಲಾಕ್ ಅಲ್ಯುಮಿನಿಯಂ, ಒಳಗಿನ ಲೈನರ್‌ಗಳು (ಪಿಸ್ಟನ್ ಓಡುವ ಕೊಳವೆಗಳು) ಕಬ್ಬಿಣದವು, ಅವುಗಳ ಸುತ್ತ ನೇರವಾಗಿ ನೀರು ಹರಿಯುತ್ತದೆ. ಕೂಲಂಟ್ ಹಾಕದೆ ಬಾವಿ ನೀರು ತುಂಬಿ ಓಡಿಸಿದರೆ ಎರಡು ಲೋಹಗಳ ನಡುವೆ ಸವೆತ ಶುರುವಾಗಿ ಲೈನರ್ ಬುಡದ ಸೀಲ್ ಬಿಡುತ್ತದೆ, ನೀರು ಇಳಿಯುವುದು ಆಯಿಲ್ ಚೇಂಬರಿಗೆ. ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಿರಿ. ನೀರು ಚಹಾದ ಬಣ್ಣದ್ದಾಗಿದ್ದರೆ ಒಳಗೆ ತುಕ್ಕಿದೆ. ಸ್ಟಾರ್ಟ್ ಮಾಡಿದಾಗ ಗುಳ್ಳೆ ಬಿಡದೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲು) ಹೋಗಿದೆ. ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಪದರ ಇದ್ದರೆ ಆಯಿಲಿಗೆ ನೀರು ಸೇರಿದೆ. ನಾಲ್ಕೂ ಪ್ಲಗ್ ಬಿಚ್ಚಿ ಕಂಪ್ರೆಷನ್ ನೋಡಿಸಿ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಕಡಿಮೆ ತೋರಿಸಿದರೆ ಮಧ್ಯದಲ್ಲಿ ಗ್ಯಾಸ್ಕೆಟ್ ಸುಟ್ಟಿದೆ. ಎಂಜಿನ್ ಬಿಚ್ಚುವ ಮೆಕ್ಯಾನಿಕ್‌ಗೆ ಒಂದು ಮಾತು ಹೇಳಿ: ಹೆಡ್ ತೆಗೆದ ಮೇಲೆ ಲೈನರ್‌ಗಳನ್ನು ಕ್ಲ್ಯಾಂಪ್ ಮಾಡದೆ ಕ್ರ್ಯಾಂಕ್ ತಿರುಗಿಸಬಾರದು, ಲೈನರ್ ಮೇಲೆದ್ದರೆ ಚೆನ್ನಾಗಿದ್ದ ಸೀಲೂ ಹೋಗುತ್ತದೆ. ಇದೇ 848 ಸಿಸಿ ಎಂಜಿನ್ ಇಂಗ್ಲೆಂಡಿನ ರಿಲಯಂಟ್ ರಾಬಿನ್‌ನಲ್ಲೂ ಇತ್ತು, ಆದ್ದರಿಂದ ಗ್ಯಾಸ್ಕೆಟ್ ಸೆಟ್ಟನ್ನು ಅಲ್ಲಿಂದ ತರಿಸಬಹುದು. ಕೊರಿಯರ್, ಕಸ್ಟಮ್ಸ್ ಸೇರಿಸಿಯೇ ಲೆಕ್ಕ ಹಾಕಿ. ಪ್ಲಗ್ ಮೂರೇ ಇದ್ದರೆ ಎಂಜಿನ್ ಮೂಲದ್ದಲ್ಲ. ಆರ್‌ಸಿಯಲ್ಲಿರುವ ಎಂಜಿನ್ ನಂಬರ್ ತಾಳೆ ನೋಡಿ.

ವೈರಿಂಗ್ ಬಗ್ಗೆ ಚಿಕ್ಕದಾಗಿ: ಫೈಬರಿನಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಪ್ರತಿ ಲೈಟಿಗೂ ಬೇರೆ ಅರ್ತ್ ವೈರು ಬೇಕು. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಿನುಗಿದರೆ ಅರ್ತ್ ಕೊಳೆತಿದೆ. ಇದು ರಿಪೇರಿಯಾಗುವ ಕೆಲಸ, ಬೆಲೆ ಇಳಿಸಲು ಸಾಕು, ಬಿಟ್ಟು ಬರಲು ಕಾರಣವಲ್ಲ.

ಕಾಗದಪತ್ರದ ವಿಷಯದಲ್ಲೂ ಆ ಕೊಂಡವರಿಗೆ ತಪ್ಪು ಹೇಳಿದ್ದರು. "ವಿಂಟೇಜ್ ನಂಬರ್ ಮಾಡಿಸಿದರೆ ರಿನ್ಯೂವಲ್ ತಲೆನೋವಿಲ್ಲ" ಎಂದಿದ್ದರಂತೆ. 2021ರ ಕೇಂದ್ರದ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಸಿಗುವುದು 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ. 1982ರ ಡಾಲ್ಫಿನ್‌ಗೆ 2032ರ ಮೊದಲು ಅದು ಆಗುವ ಮಾತಲ್ಲ. ಸಿಕ್ಕರೂ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲ್, ರಿಪೇರಿ ಬಿಟ್ಟು ಬೇರೆ ಓಡಾಟಕ್ಕೆ ಅವಕಾಶವಿಲ್ಲ. ಅಲ್ಲಿಯವರೆಗೆ ಎಲ್ಲ ಹಳೆ ಕಾರಿನಂತೆ 5 ವರ್ಷಕ್ಕೊಮ್ಮೆ ನವೀಕರಣ ಮಾಡಿಸಬೇಕು. ಆರ್‌ಸಿ ಹಳೆಯ ಪುಸ್ತಕದ ರೂಪದಲ್ಲಿದ್ದರೆ ಅದರ ವಿವರ ಆನ್‌ಲೈನ್ ದಾಖಲೆಗೆ ಸೇರಿದೆಯೇ ಎಂದು ಮೊದಲೇ ನೋಡಿ. ಸೇರಿಲ್ಲದಿದ್ದರೆ ಅದನ್ನು ಸೇರಿಸಿಕೊಡುವ ಕೆಲಸ ಮಾರುವವರದ್ದೇ ಎಂದು ಬರೆಸಿಕೊಳ್ಳಿ. ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೇ ನಮೂನೆಗೆ ಖಾಲಿ ಸಹಿ ಹಾಕಿಕೊಟ್ಟ ಮಾತ್ರಕ್ಕೆ ಕಾರು ನಿಮ್ಮದಾಗುವುದಿಲ್ಲ.

ಆರ್‌ಟಿಒದಲ್ಲಿ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ (ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು) ಕೇಳುತ್ತಾರೆ. ಆ ಕಾರಿನಲ್ಲಿ ನಂಬರ್ ಇದ್ದ ಪಟ್ಟಿಯನ್ನೇ ತುಕ್ಕು ಅರ್ಧ ತಿಂದಿದೆ, ಅಂಕಿಗಳಲ್ಲಿ ಮೂರು ಓದಲು ಬರುತ್ತಿಲ್ಲ. ಈಗ ಬಾಡಿಯನ್ನು ನಾಲ್ಕು ಡ್ರಮ್ಮಿನ ಮೇಲೆ ಇಟ್ಟು, ಚಾಸಿಯನ್ನು ಶೆಡ್ಡಿನಲ್ಲಿ ಬಿಚ್ಚಿಟ್ಟಿದ್ದಾರೆ. ನಂಬರ್ ಇರುವ ತುಂಡನ್ನು ಕತ್ತರಿಸಿಲ್ಲ, ಗ್ರೈಂಡರ್ ಮುಟ್ಟಿಸಿಲ್ಲ. ನೀವೂ ಅಂಥ ಕಾರಿಗೆ ಸಿಕ್ಕಿಕೊಂಡಿದ್ದರೆ, ವೆಲ್ಡಿಂಗ್‌ಗೆ ಮೊದಲು ನಂಬರಿನ ಫೋಟೋ, ಪೆನ್ಸಿಲ್ ಪ್ರಿಂಟ್ ಎರಡನ್ನೂ ತೆಗೆದಿಟ್ಟು, ಆರ್‌ಟಿಒಗೆ ಅರ್ಜಿ ಕೊಟ್ಟು, ಮೋಟಾರು ವಾಹನ ನಿರೀಕ್ಷಕರಿಗೆ ತೋರಿಸಿದ ಮೇಲೆಯೇ ಆ ಪಟ್ಟಿಯನ್ನು ಮುಟ್ಟಿ.