ಸ್ನೇಕ್ ಪ್ಲಾಂಟ್: ಬುಡದ ಮರಿಯೋ, ಎಲೆ ತುಂಡೋ?

ಮನೆಯೊಳಗಿನ ಸ್ನೇಕ್ ಪ್ಲಾಂಟ್‌ನಿಂದ ಹೊಸ ಗಿಡ ಬೇಕಾ? ತಾಯಿಗಿಡವೇ ಬುಡದಲ್ಲಿ ಮರಿ ಹಾಕುವಂತೆ ನೋಡಿಕೊಳ್ಳಬಹುದು, ಇಲ್ಲವೇ ಎಲೆ ಕತ್ತರಿಸಿ ನೆಡಬಹುದು.

ಎಲೆಯ ಅಂಚಿನಲ್ಲಿ ಹಳದಿ ಪಟ್ಟಿ ಇದ್ದರೆ ಯೋಚನೆಯೇ ಬೇಡ, ಮರಿಗೇ ಕಾಯಿರಿ. ಎಲೆ ತುಂಡಿನಿಂದ ಹುಟ್ಟುವ ಗಿಡದಲ್ಲಿ ಆ ಪಟ್ಟಿ ಸಾಮಾನ್ಯವಾಗಿ ಉಳಿಯುವುದಿಲ್ಲ, ಬರೀ ಹಸಿರು ಬರುತ್ತದೆ. ಅಷ್ಟು ಚೆಂದದ ಬಣ್ಣ ಹೋದರೆ ಬೇಸರ ಅಲ್ವಾ?

ಮರಿ ಬರುವುದು ಮಣ್ಣಿನೊಳಗೆ ಹರಡುವ ದಪ್ಪ ಕಾಂಡದಿಂದ. ಅದಕ್ಕೆ ಬೆಳಕಿನ ಬಲ ಬೇಕು. ಕತ್ತಲೆ ಮೂಲೆಯಲ್ಲೂ ಗಿಡ ಬದುಕುತ್ತದೆ ನಿಜ, ಆದರೆ ಮರಿ ಹಾಕುವುದು ತೀರಾ ಕಡಿಮೆ. ಕಿಟಕಿಯ ಹತ್ತಿರ, ಬಿಸಿಲು ಸುಡದ ಕಡೆ ಇಡಿ. ಮಣ್ಣು ಚೆನ್ನಾಗಿ ಒಣಗಿದ ಮೇಲೆ ನೀರು ಹಾಕಿ. ಕುಂಡ ತುಂಬಾ ದೊಡ್ಡದಾದರೆ ತೇವ ಜಾಸ್ತಿ ಹೊತ್ತು ನಿಂತು ಬೇರು ಕೊಳೆಯಬಹುದು. ಮರಿಗೆ ಸ್ವಂತ ಬೇರು ಬಂದ ಮೇಲೆ ಬೇರ್ಪಡಿಸಿ.

ಗಿಡ ಪೂರ್ತಿ ಹಸಿರಿದ್ದು, ಒಂದೇ ಸಲಕ್ಕೆ ಹಲವು ಗಿಡ ಬೇಕಿದ್ದರೆ ಎಲೆ ತುಂಡು ಒಳ್ಳೆಯದು. ಕತ್ತರಿಸಿದ ಜಾಗ ಒಂದೆರಡು ದಿನ ಒಣಗಲಿ. ಎಲೆಯ ಕೆಳತುದಿಯನ್ನೇ ಮಣ್ಣಿಗೆ ಊರಿ, ತಲೆಕೆಳಗಾದರೆ ಬೇರು ಬರುವುದಿಲ್ಲ. ಹೊಸ ಚಿಗುರಿಗೆ ಮಾತ್ರ ತಿಂಗಳುಗಟ್ಟಲೆ ಕಾಯಬೇಕು.